ಅತ್ತೆ ಮಾವ ಬರ್ತಿದ್ದರೆ ಅಪ್ಪರ್ ಕೆನಡಾ ವಿಲೇಜಿಗೆ ಒಂದು ಇಡೀ ದಿನ ಇಡಿ

ಒಟ್ಟಾವಾಕ್ಕೆ ಬಂದು ಇನ್ನೂ ವರ್ಷ ಆಗಿಲ್ಲ, ದಾವಣಗೆರೆಯಿಂದ ಅತ್ತೆ ಮಾವ ಬರ್ತಿದ್ದಾರೆ, ನಯಾಗರಾ ಬಿಟ್ಟರೆ ಅವರನ್ನು ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಕೇಳಿದ್ದೀರಿ. ಮಗಳ ಸ್ಕೂಲಿನಲ್ಲಿ ಹೇಳಿದ ಅಪ್ಪರ್ ಕೆನಡಾ ವಿಲೇಜ್, ಅಂದರೆ ಹಳೇ ಕಾಲದ ಒಂದು ಊರನ್ನೇ ತೋರಿಸುವ ಬಯಲು ಮ್ಯೂಸಿಯಂ, ದುಡ್ಡು ಕೊಟ್ಟು ನೋಡುವಂಥದ್ದಾ, ಚಳಿಗೆ ಏನೇನು ತರಿಸಬೇಕು, ಊಟಕ್ಕೆ ಹೇಗೆ ಅಂತಲೂ ಕೇಳಿದ್ದೀರಿ.

ಚಳಿಗೆ ಊರಿಂದ ಏನೂ ಹೊತ್ತು ತರಿಸಬೇಡಿ, ಬೂಟು ಜಾಕೆಟ್ ಇಲ್ಲೇ ತಗೊಳ್ಳಿ. ಅವರಿಬ್ಬರ ಇನ್ಶೂರೆನ್ಸ್ ಮಾತ್ರ ಮರೆಯಬೇಡಿ. ಊಟಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರಾಯ್ತು. ಕಾರು ಬೇಕೇ ಬೇಕು. ಬ್ಯಾಂಕ್ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ಹೊರಟರೆ ಅದೇ ಮುಂದೆ 31ನೇ ನಂಬರ್ ರಸ್ತೆ ಆಗಿ ಮಾರಿಸ್‌ಬರ್ಗ್ ತಲುಪುತ್ತದೆ. ಅಲ್ಲಿಂದ ನದಿ ಪಕ್ಕ ಪೂರ್ವಕ್ಕೆ ಸ್ವಲ್ಪ ದೂರ.

ವಿಲೇಜ್ ಬಗ್ಗೆ ಮಾತ್ರ ವಿವರವಾಗಿ ಹೇಳ್ತೀನಿ.

ನಾನು ಈ ದೇಶಕ್ಕೆ ಬಂದಿಳಿದದ್ದು ಫೆಬ್ರವರಿಯಲ್ಲಿ. ಮಲೆನಾಡಿನವನು ನಾನು, ಒಂದೂ ಎಲೆ ಇಲ್ಲದ ಕಾಡನ್ನು ಅದುವರೆಗೆ ಕಂಡಿರಲಿಲ್ಲ. ಹೀಟರ್ ಇಲ್ಲದ ಕಾಲದಲ್ಲಿ ಇಲ್ಲಿ ಮನುಷ್ಯರು ಹೇಗೆ ಬದುಕಿದರು ಅನ್ನೋದು ತಲೆಯಲ್ಲಿ ಕೊರೆಯುತ್ತಿತ್ತು. ಆಫೀಸಿನಲ್ಲಿ ಒಬ್ಬರನ್ನು ಕೇಳಿದಾಗ ‘ಬೇಸಿಗೆ ಬರಲಿ, ವಿಲೇಜಿಗೆ ಹೋಗಿ ನೋಡು’ ಅಂದರು. ಹೋದೆ. ಆಮೇಲೆ ಊರಿಂದ ಯಾರೇ ಬರಲಿ, ಅಲ್ಲಿಗೆ ಕರ್ಕೊಂಡು ಹೋಗದೆ ಕಳಿಸಿದ್ದಿಲ್ಲ.

ಅಮೆರಿಕ ಸ್ವತಂತ್ರವಾದಾಗ ಬ್ರಿಟಿಷ್ ರಾಜನ ಪಕ್ಷ ಹಿಡಿದವರು ಅಲ್ಲಿ ಮನೆ ಮಠ ಕಳೆದುಕೊಂಡರು. 1784ರಲ್ಲಿ ಅಂಥವರಿಗೆ ಸೇಂಟ್ ಲಾರೆನ್ಸ್ ನದಿಯ ಈ ದಂಡೆಯಲ್ಲಿ ಜಮೀನು ಹಂಚಿದರು. ಜಮೀನು ಅಂದರೆ ಬರೀ ಕಾಡು. ಮರ ಕಡಿದು, ಅದೇ ದಿಮ್ಮಿಗಳಿಂದ ಮನೆ ಕಟ್ಟಿ, ಬುಡಗಳ ನಡುವೆಯೇ ಬಿತ್ತನೆ ಮಾಡಿದವರು ಅವರು. ಅದಕ್ಕೂ ಮೊದಲು ಇದು ಇಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನರ ನೆಲ. ಇದನ್ನು ಮಗಳಿಗೆ ನೀವೇ ಹೇಳಿ. ವಿಲೇಜಿನಲ್ಲಿ ತೋರಿಸುವುದು ಇನ್ನೂ ಮುಂದಿನ ಕಾಲ, 1860ರ ದಶಕದ ಊರು. ಆಗಿನ ಬಟ್ಟೆ ತೊಟ್ಟವರು ನಿಜವಾಗಿಯೂ ಕೆಲಸ ಮಾಡ್ತಿರುತ್ತಾರೆ. ಕಮ್ಮಾರ, ತಗಡಿನ ಕೆಲಸದವನು, ಪೊರಕೆ ಕಟ್ಟುವವನು, ಅಚ್ಚುಕೂಟ, ಚೀಸ್ ಮಾಡುವ ಮನೆ. ಮರ ಕೊಯ್ಯುವ ಮಿಲ್ಲು, ಉಣ್ಣೆ ನೂಲುವ ಮಿಲ್ಲು ಎರಡೂ ನೀರಿನಿಂದಲೇ ನಡೆಯುತ್ತವೆ. ಹಿಟ್ಟಿನ ಮಿಲ್ಲಿಗೆ ಉಗಿಯಂತ್ರ. ಆ ಹಿಟ್ಟಿನ ಬ್ರೆಡ್ಡನ್ನು ಸೌದೆ ಒಲೆಯಲ್ಲಿ ಸುಟ್ಟು ಮಾರುತ್ತಾರೆ. ತಗೊಳ್ಳಿ, ಚೆನ್ನಾಗಿರುತ್ತೆ.

ಮಕ್ಕಳಿಗೆ ಎಲ್ಲಾ ಕಡೆ ಏನಾದರೂ ಸಿಗುತ್ತೆ. ಆದರೆ ಈ ಜಾಗ ಹೆಚ್ಚು ಅರ್ಥ ಆಗುವುದು ನಮ್ಮ ಹಿರಿಯರಿಗೆ. ನನ್ನ ಅಮ್ಮ ಬಂದಾಗ ಮಾಲ್, ಪಾರ್ಲಿಮೆಂಟು ಎಲ್ಲಾ ಸುಮ್ನೆ ನೋಡಿದರು. ಇಲ್ಲಿ ಹಿಟ್ಟಿನ ಮಿಲ್ಲಿನಲ್ಲಿ ಒಂದು ಚಿಟಿಕೆ ತಗೊಂಡು ಹೆಬ್ಬೆರಳಲ್ಲಿ ಉಜ್ಜಿ, ‘ತರಿ ಜಾಸ್ತಿ ಇದೆ, ಕಲ್ಲು ಕುಟ್ಟಿಸೋ ಹೊತ್ತಾಯ್ತು ಅಂತ ಹೇಳು’ ಅಂದರು. ಹೇಳಿದೆ. ಮಿಲ್ಲಿನವನು ಕೆಲಸ ನಿಲ್ಲಿಸಿ, ಕಲ್ಲಿನ ಗೆರೆಗಳನ್ನು ಚೂಪು ಮಾಡುವ ಉಳಿ ತಂದು ಅಮ್ಮನ ಕೈಗೆ ಕೊಟ್ಟ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅವನಿಗೆ ಕನ್ನಡ ಗೊತ್ತಿಲ್ಲ. ಉಳಿಯ ತುದಿ ತೋರಿಸುತ್ತಾ, ಹಿಟ್ಟು ಮುಟ್ಟುತ್ತಾ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಈ ದೇಶದಲ್ಲಿ ಅಮ್ಮನನ್ನು ಯಾರಾದರೂ ತಿಳಿದವರು ಅಂತ ಕಂಡದ್ದು ಅದೇ ಮೊದಲು. ನನಗೆ ಎಷ್ಟು ಹೆಮ್ಮೆ ಆಯ್ತು ಅಂತ ಬರೆದು ತಿಳಿಸಲಾರೆ. ನಿಮ್ಮ ಮಾವ ಬೇಸಾಯದವರು ಅಂದಿರಲ್ಲ, ಅವರನ್ನು ಅವಸರ ಮಾಡಬೇಡಿ. ಕುದುರೆ ಗಾಡಿ, ನೇಗಿಲು, ಕೊಟ್ಟಿಗೆ ನೋಡುತ್ತಾ ನಿಂತರೆ ನಿಲ್ಲಲಿ.

ಇನ್ನೊಂದು ವಿಷಯ ಗೊತ್ತಿದ್ದು ಹೋಗಿ. ಇಲ್ಲಿನ ಎಷ್ಟೋ ಕಟ್ಟಡಗಳು ಬೇರೆ ಕಡೆಯಿಂದ ತಂದು ನಿಲ್ಲಿಸಿದವು. ಸೇಂಟ್ ಲಾರೆನ್ಸಿಗೆ ಕರೆಂಟಿಗಾಗಿ ಅಣೆಕಟ್ಟು ಕಟ್ಟಿ, ದೊಡ್ಡ ಹಡಗುಗಳಿಗೆ ದಾರಿ ಮಾಡಿದಾಗ ನದಿ ದಂಡೆಯ ಊರುಗಳು ಮುಳುಗಿದವು. ಆಲ್ಟ್ಸ್‌ವಿಲ್, ವೇಲ್ಸ್, ಮುಲಿನೆಟ್, ಮಿಲ್ ರೋಶ್, ಹೀಗೆ. 1958ರ ಜುಲೈ 1ರ ಬೆಳಗ್ಗೆ ತಡೆಗಟ್ಟೆ ಸಿಡಿಸಿ ನೀರು ಬಿಟ್ಟರು. ಸುಮಾರು 6,500 ಜನ ಎದ್ದು ಹೋಗಬೇಕಾಯ್ತು. ಅದಕ್ಕೆ ಮುಂಚೆ 500ಕ್ಕೂ ಹೆಚ್ಚು ಮನೆಗಳನ್ನು ಅಡಿಪಾಯದಿಂದ ಎತ್ತಿ, ಭಾರೀ ಗಾಡಿಗಳ ಮೇಲೆ ಹೊಸ ಊರುಗಳಿಗೆ ಸಾಗಿಸಿದ್ದರು. ಕಪಾಟಿನ ಪಿಂಗಾಣಿ ಕೂಡ ತೆಗೆಯೋದು ಬೇಡ, ಹಾಗೇ ಇರಲಿ ಅಂದಿದ್ದರಂತೆ. ಹಳೆಯ ಕಟ್ಟಡಗಳಲ್ಲಿ ಕೆಲವನ್ನು ಈ ವಿಲೇಜಿಗೆ ಕೊಟ್ಟರು, ಮುಲಿನೆಟ್ಟಿನ ಕ್ರೈಸ್ಟ್ ಚರ್ಚ್ ಅದರಲ್ಲೊಂದು. 1961ರಲ್ಲಿ ವಿಲೇಜ್ ತೆರೆಯಿತು.

ಆ ಚರ್ಚಿನ ಬೆಂಚಿನ ಮೇಲೆ ಕೂತಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ನನ್ನ ಅಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಿನ ಕೆಳಗಿದೆ. ಇಲ್ಲಿ ನೀರು ಬಿಟ್ಟ ಆರು ವರ್ಷಕ್ಕೆ, 1964ರಲ್ಲಿ, ಶರಾವತಿಯ ಆ ಅಣೆಕಟ್ಟು ಮುಗಿಯಿತು. ಇದೂ ಕರೆಂಟಿಗೇ. ನಮ್ಮವರನ್ನು ಸಾಮಾನಿನ ಜೊತೆ ಲಾರಿಗೆ ಹತ್ತಿಸಿ ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರು. ಮನೆಯ ಮುಂಡಿಗೆ ಕಂಬ, ಕೆತ್ತನೆಯ ಬಾಗಿಲು, ಅಡಿಕೆ ತೋಟ ಎಲ್ಲಾ ಅಲ್ಲೇ ಉಳಿಯಿತು. ಕೊಟ್ಟ ಭೂಮಿಯ ಹಕ್ಕುಪತ್ರಕ್ಕೆ ಮುಳುಗಡೆಯವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲೆಯುತ್ತಿದ್ದಾರೆ. ಇಲ್ಲಿಯವರಿಗೆ ನೋವಾಗಲಿಲ್ಲ ಅಂತಲ್ಲ, ಆ ಊರಿನವರು ಈಗಲೂ ಮರೆತಿಲ್ಲ. ಮೊಹಾಕರೂ ಆಗ ನೆಲ ಕಳೆದುಕೊಂಡರು. ಆದರೂ ಆ ಮುಳುಗಿದ ಊರಿನವರ ಮೊಮ್ಮಗಳು ಬಂದು, ಮುತ್ತಜ್ಜಿ ಪ್ರಾರ್ಥನೆಗೆ ಕೂತ ಬೆಂಚು ಇದು ಅಂತ ಮುಟ್ಟಿ ನೋಡಬಹುದು. ನನ್ನ ಮಗನಿಗೆ ತೋರಿಸಲು ನನ್ನ ಹತ್ತಿರ ಬೇಸಿಗೆಯಲ್ಲಿ ನೀರಿಳಿದಾಗ ಮೇಲೆ ಬರುವ, ಅದೇ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮಡೆನೂರು ಡ್ಯಾಮ್ ಮಾತ್ರ ಇದೆ. ಒಂದು ಮನೆ ಎತ್ತಿಡಲು ನಮ್ಮಲ್ಲಿ ಯಾರಿಗೂ ತೋಚಲಿಲ್ಲವಲ್ಲ! ಸಾಗರದ ಹತ್ತಿರ ಒಂದೇ ಒಂದು ಮನೆ ಇದ್ದಿದ್ದರೂ ಸಾಕಿತ್ತು. ಜಗಲಿ, ಬಚ್ಚಲು ಒಲೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಸುಲಿಯೋದನ್ನು ತೋರಿಸಲು ಒಬ್ಬ ಅಜ್ಜಿ. ಹಾಗೆ ಸುಲಿದವರು ಈಗಲೂ ಇದ್ದಾರೆ.

ಅದಕ್ಕೇ ಹೇಳೋದು, ವಿಲೇಜಿನಲ್ಲಿ ನಿಮ್ಮ ಅತ್ತೆ ಮಾವ ಏನೇ ಹೇಳಲಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ಒಲೆ, ಆ ಚರಕ ಎದುರಿಗಿದ್ದರೆ ಅವರಿಗೆ ತಾನಾಗಿ ನೆನಪು ಬರುತ್ತೆ. ಮನೆಯ ಸೋಫಾದಲ್ಲಿ ಕೂರಿಸಿ ಕೇಳಿದರೆ ‘ಅದೆಲ್ಲಾ ಏನಿದೆ ಬಿಡು’ ಅಂತಾರೆ, ಅಲ್ವಾ?

ವಾರದ ನಡುವೆ ಹೋಗಿ, ಬಾಗಿಲು ತೆರೆಯುವ ಹೊತ್ತಿಗೇ. ದಿನ, ಸಮಯ ಮೊದಲೇ ನೋಡಿಕೊಳ್ಳಿ, ಎಲ್ಲಾ ದಿನ ತೆರೆದಿರಲ್ಲ. ನಡೆಯೋದು ಜಾಸ್ತಿ, ಮಾವನಿಗೆ ಮಂಡಿ ನೋವಿದ್ದರೆ ಕೋಲು ತನ್ನಿ. ಸಮಯ ಉಳಿದರೆ ಪೂರ್ವಕ್ಕೆ ಲಾಂಗ್ ಸೂ ದಾಟಿ ಆಲ್ಟ್ ಪಾರ್ಕಿನಲ್ಲಿರುವ ಲಾಸ್ಟ್ ವಿಲೇಜಸ್ ಮ್ಯೂಸಿಯಂಗೂ ಹೋಗಿ. ಚಿಕ್ಕದು, ಆದರೆ ಮುಳುಗಿದ ಊರುಗಳ ಫೋಟೋಗಳು ಅಲ್ಲಿವೆ. ವಾಪಸ್ ಬರುವಾಗ ಕತ್ತಲಾಗುವ ಮುಂಚೆ 31 ದಾಟಿಬಿಡಿ. ಸಂಜೆ ಹೊತ್ತು ಜಿಂಕೆ ಅಡ್ಡ ಬರುತ್ತವೆ.