ಮನೆಯ ಹಿರಿಯರ ಫ್ಲೈ ಫಿಶಿಂಗ್ ರೂಢಿಯನ್ನು ಮಕ್ಕಳಿಗೆ ದಾಟಿಸುವುದು ಹೇಗೆ?

ಕೀಟದಂತೆ ಕಾಣುವ ಹಗುರ ಕೊಕ್ಕೆಯನ್ನು (ಫ್ಲೈ) ಲೈನ್‌ನ ಭಾರದಿಂದ ಬೀಸಿ ಮೀನು ಹಿಡಿಯುವುದೇ ಫ್ಲೈ ಫಿಶಿಂಗ್. ಮೊದಲ ಪಾಠ ನೀರಿನಲ್ಲಿ ಬೇಡ, ಹುಲ್ಲಿನ ಮೇಲಾಗಲಿ. ಮಕ್ಕಳ ಕೈಗೆ ಸುಮಾರು 8 ಅಡಿಯ, 4 ಅಥವಾ 5 ವೇಟ್ (ಹೊಂದುವ ಲೈನ್‌ನ ತೂಕ ಸೂಚಿಸುವ ಸಂಖ್ಯೆ) ರಾಡ್ ಸಾಕು. ಲೀಡರ್ (ಲೈನ್‌ನ ಕೊನೆಗೆ ಕಟ್ಟುವ ತೆಳು ದಾರ) ತುದಿಗೆ ಕೊಕ್ಕೆಯ ಬದಲು ಉಣ್ಣೆಯ ಎಳೆ ಕಟ್ಟಿ, 6–8 ಮೀಟರ್ ಲೈನ್ ಮಾತ್ರ ಬಿಡಿ. ಹೆಚ್ಚಿನವರು ಎಡವುವುದು ಹಿಂದಕ್ಕೆ ಬೀಸುವಾಗ: ಲೈನ್ ಹಿಂದೆ ಪೂರ್ತಿ ಚಾಚಿಕೊಳ್ಳುವ ಮೊದಲೇ ಮುಂದಕ್ಕೆ ಬೀಸಿದರೆ ಅದು ಚಾಟಿಯಂತೆ ಚಟ್ಟೆನ್ನುತ್ತದೆ, ನಿಜವಾದ ಫ್ಲೈ ಇದ್ದರೆ ಕಿತ್ತೇ ಹೋಗುತ್ತದೆ. ತಲೆ ತಿರುಗಿಸಿ ಲೈನ್ ನೋಡಲು ಹೇಳಿ. ಆ ವಿರಾಮ ನಿಧಾನಕ್ಕೆ ಕೈಗೆ ಹತ್ತುತ್ತದೆ.

ಮೌಲ್ಯಗಳ ವಿಷಯದಲ್ಲಿ ಉಪದೇಶ ನಾಟುವುದಿಲ್ಲ, ಕೆಲಸ ಕೊಡಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುವುದು ಮಗುವಿನ ಪಾಲಿಗಿರಲಿ. ಮೀನು ಮುಟ್ಟುವ ಮುನ್ನ ಕೈ ಒದ್ದೆಯಾಗಬೇಕು. ಒಣಗೈ ಅದರ ಲೋಳೆಪದರವನ್ನು ಕಿತ್ತು ಸೋಂಕಿಗೆ ದಾರಿ ಮಾಡುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂದು ತಣ್ಣೀರಿನ ಮೀನಾದ ಟ್ರೌಟ್ ಹಿಡಿಯಲೇಬೇಡಿ: ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಟ್ಟ ಮೀನೂ ಆಮೇಲೆ ಸಾಯಬಹುದು.

ಹಳೆಯ ಬಿದಿರಿನ ರಾಡ್ ಇದ್ದರೆ ಗೋಡೆಗೆ ತೂಗುಹಾಕದೆ ಬಳಸಿ. ಆದರೆ ಒದ್ದೆಯಾಗಿಯೇ ಅದನ್ನಿಡುವ ಕೊಳವೆಗೆ ತುರುಕಬೇಡಿ, ವಾರ್ನಿಷ್ ಗುಳ್ಳೆಯೇಳುತ್ತದೆ. ರಾಡ್‌ನ ತುಂಡುಗಳನ್ನು ಜೋಡಿಸುವ ಲೋಹದ ಕೀಲುಗಳನ್ನು ತಿರುಚಬಾರದು, ನೇರವಾಗಿ ಎಳೆದು ಬಿಡಿಸಬೇಕು.