ಮನೆತನದ ಮೂಲ ಹುಡುಕುವಾಗ ಒಂದೇ ಪ್ರಶ್ನೆಯನ್ನು ನಾಲ್ಕು ಜನರಿಗೆ ಕೇಳಬಹುದಾ?

ಕೇಳಿ, ತಪ್ಪೇನಿಲ್ಲ. ಆದರೆ ಈಗಾಗಲೇ ಯಾರನ್ನು ಕೇಳಿದ್ದೀರಿ, ಅವರು ಏನು ಹೇಳಿದರು ಅನ್ನೋದನ್ನು ಮೊದಲೇ ಹೇಳಿಬಿಡಿ. ಮುತ್ತಜ್ಜನ ಊರು ಯಾವುದು ಅಂತ ನಾನು ಮಾಟುಂಗದ ಅತ್ತೆಯನ್ನೂ ಡೊಂಬಿವಲಿಯ ದೊಡ್ಡಪ್ಪನನ್ನೂ ಬೇರೆಬೇರೆಯಾಗಿ ಕೇಳಿದ್ದೆ. ಇಬ್ಬರೂ ಫೋನ್ ಮಾಡಿದ್ದು ಊರಲ್ಲಿರುವ ಅದೇ ಅಜ್ಜಿಗೆ, ಇಬ್ಬರ ಉತ್ತರವೂ ಒಂದೇ ಬಂತು, ನಾನು ಎರಡು ಕಡೆಯಿಂದ ಖಾತ್ರಿಯಾಯಿತು ಅಂತ ಸುಮ್ನೆ ಖುಷಿಪಟ್ಟೆ! ಅಜ್ಜಿಗೆ ಸಿಟ್ಟು ಬಂದಿದ್ದು ಬೇರೆ.

ನಾಸಿಕ್, ತ್ರ್ಯಂಬಕೇಶ್ವರದ ತೀರ್ಥ ಪುರೋಹಿತರ ಹತ್ತಿರ ಯಾತ್ರೆಗೆ ಬಂದವರ ತಲೆಮಾರುಗಳ ಹೆಸರು ಬರೆದಿಟ್ಟ ವಹಿಗಳಿರುತ್ತವೆ. ಅಲ್ಲೂ ಸಿಕ್ಕಸಿಕ್ಕ ಪುರೋಹಿತರನ್ನೆಲ್ಲ ಕೇಳುತ್ತಾ ಅಲೆಯಬೇಡಿ. ಮೂಲ ಊರು, ಅಡ್ಡಹೆಸರು (ಸರ್‌ನೇಮ್) ಹೇಳಿ, ನಿಮ್ಮ ಮನೆತನದ ವಹಿ ಇಟ್ಟವರು ಯಾರು ಅಂತ ವಿಚಾರಿಸಿ.

ಉತ್ತರ ಸಿಕ್ಕ ದಿನವೇ ಉಳಿದವರಿಗೂ ತಿಳಿಸಿ, ಪಾಪ, ಇನ್ನೂ ಹುಡುಕುತ್ತಾ ಕೂತಿರುತ್ತಾರೆ.