ಮರಿಯನ್ ಸರೋವರ: ಮೀನು ಬಿಟ್ಟು ಇನ್ನೇನಿದೆ?

ದಕ್ಷಿಣ ಕೆರೊಲಿನಾದ ಮರಿಯನ್ ಸರೋವರದ ಹತ್ತಿರ ಮೀನು ಹಿಡಿಯೋದು ಬಿಟ್ಟು ನೋಡೋಕೆ ಏನಾದ್ರೂ ಇದೆಯಾ ಅಂತ ಕೇಳಿದ್ರಲ್ಲ, ಇದೆ ಸರ್. ಮೊದಲು ಸಮ್ಮರ್ಟನ್ ಕಡೆಯ ಫೋರ್ಟ್ ವ್ಯಾಟ್ಸನ್ ದಿಬ್ಬಕ್ಕೆ ಹೋಗಿ. ದಿಬ್ಬ ಕಟ್ಟಿದ್ದು ಅಲ್ಲಿನ ಮೂಲನಿವಾಸಿಗಳು. ಎತ್ತರ ಸುಮಾರು 30 ಅಡಿ. ಬ್ರಿಟಿಷರು ಅದರ ನೆತ್ತಿ ಮೇಲೇ ಕೋಟೆ ಕಟ್ಟಿಕೊಂಡರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಏಪ್ರಿಲ್‌ನಲ್ಲಿ, ಅಮೆರಿಕನ್ ಸೇನಾನಾಯಕರಾದ ಫ್ರಾನ್ಸಿಸ್ ಮರಿಯನ್, ಹೆನ್ರಿ ಲೀ ಮುತ್ತಿಗೆ ಹಾಕಿದಾಗ ಅವರ ಹತ್ತಿರ ಒಂದು ಫಿರಂಗಿಯೂ ಇರಲಿಲ್ಲ. ನೀರು ತಪ್ಪಿಸಿದರೆ, ಒಳಗಿನವರು ಬಾವಿ ತೋಡಿಕೊಂಡರು! ಕೊನೆಗೆ ಮೇಹಮ್ ಎಂಬ ಅಧಿಕಾರಿಯ ಉಪಾಯ: ಮರದ ದಿಮ್ಮಿ ಕಡಿದು ರಾತ್ರೋರಾತ್ರಿ ಅಟ್ಟಣೆ ಎತ್ತಿದರು. ಬೆಳಗಾದರೆ ಕೋಟೆಯೊಳಕ್ಕೇ ಮೇಲಿಂದ ಗುಂಡು. ಏಪ್ರಿಲ್ 23ಕ್ಕೆ ಬ್ರಿಟಿಷರು ಶರಣಾದರು. ಆ ಮರಿಯನ್ ಹೆಸರೇ ಸರೋವರಕ್ಕೆ.

ಸರೋವರ ಮಾತ್ರ ಹೊಸದು. ಸಾಂಟೀ ನದಿಗೆ ಅಣೆಕಟ್ಟು ಹಾಕಿ 1941ರ ಹೊತ್ತಿಗೆ ತುಂಬಿಸಿದ್ದು. ಹಾಗಾಗಿ ದಕ್ಷಿಣ ದಡದ ಯೂಟಾ ಸ್ಪ್ರಿಂಗ್ಸ್‌ನಲ್ಲಿ ಬುಗ್ಗೆ ಹುಡುಕಬೇಡಿ, ಅದು ನೀರಿನಡಿ ಹೋಗಿದೆ. ಅದೇ ಯುದ್ಧದ, 1781ರ ಸೆಪ್ಟೆಂಬರ್ 8ರ ಕದನ ನಡೆದದ್ದು ಅಲ್ಲೇ. ಈಗಿರೋದು ಚಿಕ್ಕ ಉದ್ಯಾನ, ಅರ್ಧ ಗಂಟೆ ಸಾಕು. ದಿಬ್ಬಕ್ಕೆ ಹೆಚ್ಚು ಹೊತ್ತು ಇಟ್ಕೊಳ್ಳಿ.